ಹಳೇ ಲೇತ್‌ಗೆ ಯಾವ ಟೂಲ್‌ಪೋಸ್ಟ್, ಯಾವ ಟೂಲ್? ಮೊದಲು ದುಡ್ಡು ಎಲ್ಲಿ ಹಾಕ್ಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಬ್ಯಾಂಕ್ ಕೆಲಸದಿಂದ ರಿಟೈರ್ ಆಗಿದೀನಿ. ಮುಚ್ಚಿದ ವರ್ಕ್‌ಶಾಪ್ ಒಂದರಿಂದ ನಾಲ್ಕೂವರೆ ಅಡಿ ಹಳೇ ಲೇತ್ (ಲೋಹದ ತುಂಡನ್ನ ತಿರುಗಿಸ್ತಾ ಕತ್ತರಿಸೋ ಮಷಿನ್) ತಗೊಂಡು ಮನೆ ಹಿಂದಿನ ಶೆಡ್ಡಲ್ಲಿ ಕೂರಿಸಿದೀನಿ. ಬೆಲ್ಟ್ ಡ್ರೈವ್, 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ನಾಲ್ಕು ಟೂಲ್ ಕಟ್ಟೋ ಚೌಕದ ಟೂಲ್‌ಪೋಸ್ಟ್ ಇದೆ, ಪ್ರತಿ ಸಲ ಹೈಟ್ ಸರಿ ಮಾಡೋಕೆ ಟೂಲ್ ಕೆಳಗೆ ತಗಡು ಇಟ್ಟು ತೆಗೆದು ಸಾಕಾಗಿದೆ. ಆನ್‌ಲೈನಲ್ಲಿ ಟೂಲನ್ನ ಥಟ್ಟಂತ ಬದಲಾಯಿಸೋ ಕ್ವಿಕ್ ಚೇಂಜ್ ಟೂಲ್‌ಪೋಸ್ಟು, ಒಂಬತ್ತು ಕಾರ್ಬೈಡ್ ಟೂಲ್‌ಗಳ ಸೆಟ್ಟು ನೋಡಿಟ್ಟಿದೀನಿ. ನಮ್ಮ ಓಣಿ ಟರ್ನರ್ "ಅದೆಲ್ಲಾ ಬ್ಯಾಡ ಸಾಹೇಬ್ರ, ಎಚ್‌ಎಸ್‌ಎಸ್ ಸಾಕು" ಅಂತಾರೆ, ಅಂದ್ರೆ ಹೈ ಸ್ಪೀಡ್ ಸ್ಟೀಲ್ ಟೂಲು. ಈಗ ಜಾಬ್ (ಕತ್ತರಿಸ್ತಿರೋ ತುಂಡು) ಫಿನಿಶ್ ಸರಿ ಬರ್ತಿಲ್ಲ, ಕಟ್ ತಗೊಂಡ್ರೆ ಲೇತ್ ಕಿರುಚತ್ತೆ. ಮುಂದೆ ಒಂದು ಸಣ್ಣ ಸ್ಟೀಮ್ ಎಂಜಿನ್ ಮಾಡೆಲ್ ಮಾಡೋ ಆಸೆ ಇದೆ. ಯಾರ ಮಾತು ಕೇಳ್ಲಿ?

ಉತ್ತರ: ಸರ್, ನಿಮ್ಮ ಓಣಿ ಟರ್ನರ್ ಹೇಳಿದ್ರಲ್ಲಿ ಮುಕ್ಕಾಲು ಪಾಲು ಸರಿ ಇದೆ. ಕ್ವಿಕ್ ಚೇಂಜ್ ಟೂಲ್‌ಪೋಸ್ಟ್ ಒಳ್ಳೇ ವಸ್ತುನೇ, ನೀವು ತಗೊಳ್ಳೇಬಾರ್ದು ಅಂತ ನಾನು ಹೇಳಲ್ಲ, ಆದ್ರೆ ಅದು ನಿಮ್ಮ ಟೈಮ್ ಉಳಿಸತ್ತೆ ಅಷ್ಟೇ, ಲೋಹ ಕತ್ತರಿಸೋದು ಟೂಲಿನ ಧಾರೆ. ನಿಮಗೆ ಈಗ ಇರೋ ತೊಂದ್ರೆ ಫಿನಿಶ್ ಮತ್ತು ಕಿರುಚಾಟ, ಇವೆರಡೂ ಟೂಲ್‌ಪೋಸ್ಟ್ ಬದಲಾಯಿಸಿದ್ರೆ ಹೋಗೋವಂಥದ್ದಲ್ಲ. ಅದಕ್ಕೇ ದುಡ್ಡು ಹಾಕೋ ಕ್ರಮ ನನ್ನ ಪ್ರಕಾರ ಹೀಗೆ: ಮೊದಲು ಬೆಂಚ್ ಗ್ರೈಂಡರು ಮತ್ತು ನಾಲ್ಕೈದು ಎಚ್‌ಎಸ್‌ಎಸ್ ಬಿಟ್, ಆಮೇಲೆ ಅಳತೆ ತಗೊಂಡು ಟೂಲ್‌ಪೋಸ್ಟ್, ಕಾರ್ಬೈಡ್ ಇನ್ಸರ್ಟ್ (ಹೋಲ್ಡರಿಗೆ ಕೂರಿಸೋ, ಬದಲಾಯಿಸ್ಬಹುದಾದ ಗಟ್ಟಿ ತುದಿ) ಕೊನೇಲಿ, ಅದೂ ಆರಿಸಿ ಒಂದೋ ಎರಡೋ. ಒಂಬತ್ತು ಟೂಲಿನ ಸೆಟ್ ಅಂತೂ ಬೇಡ್ವೇ ಬೇಡ, ಅದರಲ್ಲಿ ನೀವು ನಿಜವಾಗ್ಲೂ ಬಳಸೋದು ಎರಡೋ ಮೂರೋ, ಉಳಿದದ್ದು ಡಬ್ಬಿಲೇ ಇರತ್ತೆ.

ಯಾಕೆ ಅಂತ ಲೆಕ್ಕ ಸಮೇತ ಹೇಳ್ತೀನಿ. 25 ಎಂಎಂ ಮೈಲ್ಡ್ ಸ್ಟೀಲ್ ರಾಡ್ ಚಕ್ಕಲ್ಲಿ (ಜಾಬ್ ಹಿಡಿದು ತಿರುಗೋ ಭಾಗ) ಹಿಡಿದಿದೀರಿ ಅಂತ ಇಟ್ಕೊಳ್ಳಿ. ಎಚ್‌ಎಸ್‌ಎಸ್ ಟೂಲಿಗೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಸಾಕು, ಅಂದ್ರೆ ಸ್ಪಿಂಡಲ್ (ಚಕ್ ತಿರುಗಿಸೋ ಶಾಫ್ಟ್) ಸುಮಾರು 320 ಆರ್‌ಪಿಎಂ ತಿರುಗಿದ್ರೆ ಆಯ್ತು, ನಿಮ್ಮ ಬೆಲ್ಟ್ ಡ್ರೈವ್ ಲೇತಲ್ಲಿ ಅದು ಆರಾಮಾಗಿ ಸಿಗತ್ತೆ. ಕಾರ್ಬೈಡ್ ತನ್ನ ಪೂರ್ತಿ ಗುಣ ತೋರಿಸ್ಬೇಕಾದ್ರೆ ಅದೇ ರಾಡಿಗೆ ನಿಮಿಷಕ್ಕೆ 120 ಮೀಟರ್ ಆದ್ರೂ ಬೇಕು, ಅಂದ್ರೆ 1500 ಆರ್‌ಪಿಎಂಗೂ ಮೇಲೆ. ಈ ತರದ ಹಳೇ ಕೋನ್ ಪುಲ್ಲಿ (ಬೆಲ್ಟ್ ಸರಿಸಿ ಸ್ಪೀಡ್ ಬದಲಾಯಿಸೋ ಮೆಟ್ಟಿಲು ಗಾಲಿ) ಲೇತ್‌ಗಳು ಅದರ ಅರ್ಧ ಸ್ಪೀಡೂ ಮುಟ್ಟಲ್ಲ, ಬಲವಂತಕ್ಕೆ ಪುಲ್ಲಿ ಬದಲಾಯಿಸಿ ಓಡಿಸಿದ್ರೆ ಬುಷ್ ಬೇರಿಂಗ್ ಬಿಸಿಯಾಗಿ ಹಾಳಾಗತ್ತೆ. ಇನ್ನು ಪವರ್ ನೋಡಿ. ಕಾರ್ಬೈಡಿಗೆ ಹೇಳೋ ತರ 2 ಎಂಎಂ ಆಳದ ಕಟ್, ಸುತ್ತಿಗೆ 0.2 ಎಂಎಂ ಫೀಡ್, 120 ಮೀಟರ್ ಸ್ಪೀಡ್ ಹಾಕಿದ್ರೆ ಸ್ಟೀಲಲ್ಲಿ ಹತ್ತಿರ ಹತ್ತಿರ 2 ಕಿಲೋವ್ಯಾಟ್ ಬೇಕಾಗತ್ತೆ, ನಿಮ್ಮ 1 ಎಚ್‌ಪಿ ಅಂದ್ರೆ 746 ವ್ಯಾಟ್, ಅದರಲ್ಲೂ ಬೆಲ್ಟಲ್ಲಿ ಒಂದಷ್ಟು ಹೋಗತ್ತೆ. ಅದೇ ಎಚ್‌ಎಸ್‌ಎಸ್ ಟೂಲಲ್ಲಿ 1 ಎಂಎಂ ಕಟ್, 0.1 ಫೀಡ್, 30 ಮೀಟರ್ ಸ್ಪೀಡ್ ಅಂದ್ರೆ 125 ವ್ಯಾಟ್ ಆಸುಪಾಸು. ಮೋಟರಿಗೆ ಗೊತ್ತೇ ಆಗಲ್ಲ.

ನಿಮ್ಮ ಲೇತು ಹರಿಹರದ ಮೈಸೂರ್ ಕಿರ್ಲೋಸ್ಕರ್‌ದೋ ಎಚ್‌ಎಂಟಿದೋ ಆಗಿ, ಗೇರ್ಡ್ ಹೆಡ್‌ಸ್ಟಾಕ್ (ಗೇರಿಂದ ಸ್ಪೀಡ್ ಬದಲಾಯಿಸೋ ತಲೆಭಾಗ) ಇದ್ದು 3 ಎಚ್‌ಪಿ ಮೋಟರ್ ಇದ್ದಿದ್ರೆ ಮಾತೇ ಬೇರೆ, ಆಗ ನಾನೇ ಇನ್ಸರ್ಟ್ ಟೂಲ್ ತಗೊಳ್ಳಿ ಅಂತಿದ್ದೆ. ನೀವು ಬರ್ದಿದ್ದು ನೋಡಿದ್ರೆ ಇದು ಲೈಟ್ ಡ್ಯೂಟಿ ಲೇತು, ರಾಜಕೋಟ್, ಬಟಾಲಾ ಕಡೆಯಿಂದ ಊರೂರಿಗೆ ಬಂದ ಜಾತಿದು ಅನ್ಸತ್ತೆ. ಅದನ್ನ ಅದರ ಶಕ್ತಿಗೆ ತಕ್ಕಂತೆ ಓಡಿಸಿದ್ರೆ ಬಹಳ ಚೆನ್ನಾಗಿ ಕೆಲಸ ಕೊಡತ್ತೆ.

ಈಗ ಟೂಲ್ ವಿಷಯಕ್ಕೆ ಬರ್ತೀನಿ, ಇದೇ ಮುಖ್ಯ ಆದ್ರಿಂದ ಸ್ವಲ್ಪ ಉದ್ದ ಆಗತ್ತೆ.

ಎಚ್‌ಎಸ್‌ಎಸ್ ಬಿಟ್ ಬೆಂಗಳೂರಿನ ಎಸ್‌ಪಿ ರೋಡು, ಜೆಸಿ ರೋಡಲ್ಲಿ ಬೇಕಾದಷ್ಟು, ಹುಬ್ಬಳ್ಳಿಲೂ ಟೂಲ್ಸ್ ಅಂಗಡಿಗಳಲ್ಲಿ ಕೇಳಿ ನೋಡಿ, ಮಿರಾಂಡಾ ಬ್ರ್ಯಾಂಡ್ ನಮ್ಮ ಟರ್ನರ್‌ಗಳಿಗೆಲ್ಲ ಗೊತ್ತಿರೋದೇ. ಎಂ2 ಅನ್ನೋದು ಸಾಮಾನ್ಯ ಗ್ರೇಡು, ಎಂ35ರಲ್ಲಿ 5 ಪರ್ಸೆಂಟ್ ಕೋಬಾಲ್ಟ್, ಎಂ42ರಲ್ಲಿ 8 ಪರ್ಸೆಂಟ್, ಟಿ42ರಲ್ಲಿ 10. ಕೋಬಾಲ್ಟ್ ಜಾಸ್ತಿ ಆದಷ್ಟೂ ಬಿಸಿಲಿ ಧಾರೆ ಉಳಿಯತ್ತೆ, ಆದ್ರೆ ಸಾಣೆ ಹಿಡಿಯೋಕೆ ಹೆಚ್ಚು ಹೊತ್ತು ಬೇಕು, ತುದಿ ಒಡೆಯೋ ಸಂಭವನೂ ಸ್ವಲ್ಪ ಜಾಸ್ತಿ. ಕಲಿಯೋವಾಗ ಎಂ2 ಅಥವಾ ಎಂ35 ಸಾಕು. 10 ಎಂಎಂ ಅಥವಾ 12 ಎಂಎಂ ಚೌಕದ ಬಿಟ್ ತಗೊಳ್ಳಿ. ಆರು ಎಂಎಂ ಬೇಡ, ನಿಮ್ಮ ಲೇತಿಗೆ ಅದು ತೀರಾ ತೆಳು. ಹಾಗೇ ಅಗ್ಗಕ್ಕೆ ಸಿಗತ್ತೆ ಅಂತ ಗುರುತು ಪರಿಚಯ ಇಲ್ಲದ ಬಿಟ್ ತರಬೇಡಿ, ಎರಡು ಸಲ ಫೇಸಿಂಗ್ (ರಾಡಿನ ತುದಿ ಮುಖ ಸಮ ಮಾಡೋದು) ಮಾಡೋದ್ರಲ್ಲಿ ಮೂಗು ಸವೆದ್ರೆ ತಪ್ಪು ನಿಮ್ಮ ಸಾಣೆದೋ ಬಿಟ್‌ದೋ ಅಂತ ಗೊತ್ತಾಗದೆ ಒದ್ದಾಡ್ತೀರಿ.

ಗ್ರೈಂಡರ್ 6 ಇಂಚಿಂದು ಸಾಕು. ಜೊತೆಗೆ ಬರೋ ಬೂದು ಬಣ್ಣದ ಕಲ್ಲಲ್ಲೂ ಕೆಲಸ ಆಗತ್ತೆ, ಒಂದು ಕಡೆಗೆ ಬಿಳೀ ಅಲ್ಯೂಮಿನಾ ಕಲ್ಲು ಹಾಕ್ಸಿದ್ರೆ ಎಚ್‌ಎಸ್‌ಎಸ್ ತಂಪಾಗಿ ಸವೆಯತ್ತೆ. ಹಸಿರು ಕಲ್ಲು ಕಾರ್ಬೈಡಿಗೆ ಮಾತ್ರ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ, ಮಾಸ್ಕ್ ಇಲ್ದೆ ಮುಟ್ಟಬೇಡಿ. ಹೊಸ ಕಲ್ಲು ಹಾಕೋ ಮುಂಚೆ ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ, ಟಣ್ ಅಂದ್ರೆ ಸರಿ, ಮಂಕಾಗಿ ಡಬ್ ಅಂದ್ರೆ ಒಳಗೆ ಬಿರುಕಿದೆ, ಅದನ್ನ ಹಾಕ್ಲೇಬೇಡಿ. ಟೂಲ್ ರೆಸ್ಟಿಗೂ ಕಲ್ಲಿಗೂ 3 ಎಂಎಂಗಿಂತ ಜಾಸ್ತಿ ಸಂದಿ ಇರ್ಬಾರ್ದು, ಕನ್ನಡಕ ಬೇಕೇ ಬೇಕು, ಗ್ಲೌಸ್ ಹಾಕೋ ಹಾಗಿಲ್ಲ, ಸ್ವಿಚ್ ಒತ್ತಿದಾಗ ಕಲ್ಲಿನ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತ್ಕೊಳ್ಳಿ.

ಮೈಲ್ಡ್ ಸ್ಟೀಲಿಗೆ ಒಂದು ಬಲಗೈ ಟೂಲ್, ಅಂದ್ರೆ ಟೇಲ್‌ಸ್ಟಾಕ್ (ಲೇತಿನ ಬಲ ತುದಿ) ಕಡೆಯಿಂದ ಚಕ್ ಕಡೆ ಕಟ್ ಮಾಡೋದು, ಸಾಣೆ ಹಿಡಿಯೋದು ಹೇಗೆ ಅಂದ್ರೆ: ಬಿಟ್ಟಿನ ತುದಿ ನಿಮ್ಮಿಂದ ಆಚೆ ಇರೋ ಹಾಗೆ ಹಿಡ್ಕೊಂಡ್ರೆ ಎಡಗಡೆ ಮೈ ಇದೆಯಲ್ಲ, ಅದನ್ನ ಮೊದಲು ತೆಗೀರಿ, ಮೇಲಿಂದ ಕೆಳಕ್ಕೆ 8ರಿಂದ 10 ಡಿಗ್ರಿ ಒಳಕ್ಕೆ ಹೋಗೋ ಹಾಗೆ, ಇದು ಜಾಬಿಗೆ ಟೂಲಿನ ಪಕ್ಕ ತಿಕ್ಕದ ಹಾಗೆ ಬಿಡೋ ಜಾಗ. ಆಮೇಲೆ ಮುಂದಿನ ಮುಖ, ಅದಕ್ಕೂ ಅಷ್ಟೇ ಡಿಗ್ರಿ, ಜೊತೆಗೆ ಎಡ ಮೂಲೆ ಮುಂದಕ್ಕೆ ಚಾಚಿ ಬಲಕ್ಕೆ ಹೋಗ್ತಾ ಹಿಂದೆ ಸರಿಯೋ ಹಾಗೆ ಒಂಚೂರು ಓರೆ. ಕೊನೇಲಿ ಮೇಲ್ಮೈ, ಎಡಗಡೆ ಧಾರೆ ಎತ್ತರ ಇದ್ದು ಬಲಕ್ಕೆ ಇಳಿಜಾರು ಬರ್ಬೇಕು, 12 ಡಿಗ್ರಿ ಸುಮಾರು, ಇದನ್ನೇ ರೇಕ್ ಅನ್ನೋದು, ಚಿಪ್ ಸುರುಳಿ ಸುತ್ಕೊಂಡು ಹೋಗೋ ದಾರಿ ಇದು. ಈ ಮೂರು ಮುಖ ಸೇರೋ ಮೂಗಿಗೆ ಎಣ್ಣೆಕಲ್ಲಲ್ಲಿ ಅರ್ಧ ಎಂಎಂ ರೇಡಿಯಸ್ ಕೊಡಿ, ಧಾರೆನೂ ಅದೇ ಕಲ್ಲಲ್ಲಿ ನಯ ಮಾಡಿ. ತುಂಬಾ ಜನ ಈ ಎಣ್ಣೆಕಲ್ಲಿನ ಕೆಲಸ ಬಿಟ್ಬಿಡ್ತಾರೆ, ಗ್ರೈಂಡರಿಂದ ಸೀದಾ ಲೇತಿಗೆ ಕಟ್ತಾರೆ. ಗ್ರೈಂಡರ್ ಬಿಟ್ಟ ಗೀರುಗಳೆಲ್ಲ ಧಾರೆ ಮೇಲೆ ಸಣ್ಣ ಹಲ್ಲಾಗಿ ಕೂತಿರತ್ತೆ, ಅದು ಜಾಬ್ ಮೇಲೆ ಹಾಗ್ಹಾಗೇ ಮೂಡತ್ತೆ. ಫಿನಿಶ್ ಬರ್ತಿಲ್ಲ ಅನ್ನೋರಿಗೆ ನಾನು ಮೊದಲು ಕೇಳೋ ಪ್ರಶ್ನೆನೇ ಇದು, ಎಣ್ಣೆಕಲ್ಲು ಇದೆಯಾ ಅಂತ.

ಸಾಣೆ ಹಿಡಿಯೋವಾಗ ಬಿಟ್ ನೀಲಿ ಆಯ್ತು ಅಂತ ಗಾಬರಿ ಬೇಡ. ಕಾರ್ಬನ್ ಸ್ಟೀಲ್ ಆದ್ರೆ ನೀಲಿ ಆದ್ರೆ ಟೆಂಪರ್ ಹೋಯ್ತು ಅಂತ ಅರ್ಥ, ಎಚ್‌ಎಸ್‌ಎಸ್ 500 ಡಿಗ್ರಿ ದಾಟೋವರೆಗೂ ಗಟ್ಟಿತನ ಬಿಟ್ಕೊಡಲ್ಲ. ಆದ್ರೆ ಕೆಂಪಗೆ ಕಾಯೋವರೆಗೂ ಒತ್ತಿ, ಹಾಗೇ ತಣ್ಣೀರಲ್ಲಿ ಅದ್ದಿದ್ರೆ ಧಾರೆಲಿ ಕಣ್ಣಿಗೆ ಕಾಣದ ಬಿರುಕು ಬರತ್ತೆ. ಬೆರಳಿಗೆ ಬಿಸಿ ಮುಟ್ಟೋ ಹೊತ್ತಿಗೇ ಅದ್ದಿ, ಮತ್ತೆ ಹಿಡೀರಿ.

ನೀವು ಸ್ಟೀಮ್ ಎಂಜಿನ್ ಮಾಡ್ಬೇಕು ಅಂದಿದೀರಿ, ಹಾಗಾಗಿ ಇನ್ನೆರಡು ಟೂಲ್ ಬೇರೆ ತರ ಬೇಕಾಗತ್ತೆ. ಹಿತ್ತಾಳೆ, ಗನ್‌ಮೆಟಲ್ಲಿಗೆ ಮೇಲ್ಮೈ ಇಳಿಜಾರು ಇರ್ಲೇಬಾರ್ದು, ಚಪ್ಪಟೆ ಬಿಡಿ, ಯಾಕಂದ್ರೆ ರೇಕ್ ಇದ್ರೆ ಹಿತ್ತಾಳೆ ಟೂಲನ್ನ ತನ್ನೊಳಗೆ ಎಳ್ಕೊಳ್ಳತ್ತೆ, ಜಾಬ್ ಚಕ್ಕಿಂದ ಕಿತ್ಕೊಂಡು ಬರೋದೂ ಉಂಟು. ಅಲ್ಯೂಮಿನಿಯಮ್ಮಿಗೆ ಇದರ ಉಲ್ಟಾ, 15ರಿಂದ 20 ಡಿಗ್ರಿ ರೇಕ್ ಕೊಡಿ, ಸ್ವಲ್ಪ ಸೀಮೆಎಣ್ಣೆ ಹಚ್ತಾ ಇರಿ, ಇಲ್ದಿದ್ರೆ ಲೋಹ ಧಾರೆಗೇ ಅಂಟ್ಕೊಂಡು ಜಾಬ್ ಮೇಲೆ ಹರಿದ ಹಾಗೆ ಗೀರು ಬೀಳತ್ತೆ. ಸಿಲಿಂಡರ್, ಫ್ಲೈವೀಲ್ ಬೀಡು ಕಬ್ಬಿಣದ್ದಾದ್ರೆ ಅದರ ಹೊರಗಿನ ಚರ್ಮ ಬಹಳ ಗಟ್ಟಿ, ಮರಳೂ ಅಂಟಿರತ್ತೆ, ಎಚ್‌ಎಸ್‌ಎಸ್ ಅಲ್ಲಿ ಒಂದೇ ನಿಮಿಷಕ್ಕೆ ಮೊಂಡಾಗತ್ತೆ. ಇಲ್ಲಿ ಮಾತ್ರ ಕಾರ್ಬೈಡ್ ಬೇಕು. ಬ್ರೇಜ್ ಮಾಡಿದ (ಬೆಸೆದ) ಟಿಪ್ ಇರೋ ಟೂಲು, ಬೀಡು ಕಬ್ಬಿಣಕ್ಕೆ ಹೇಳಿರೋ ಕೆ20 ಗ್ರೇಡು, ನಮ್ಮ ಕಡೆ ಎಲ್ಲರೂ ವಿಡಿಯಾ ಟೂಲ್ ಅಂತಾರಲ್ಲ, ಅದು. ಮೊದಲನೇ ಕಟ್ ಹೆದರ್ಕೊಂಡು ಕಾಲು ಎಂಎಂ ತಗೊಂಡ್ರೆ ಟಿಪ್ ಆ ಗಟ್ಟಿ ಚರ್ಮದ ಮೇಲೇ ಉಜ್ಜಿ ಸಾಯತ್ತೆ, ಸ್ಪೀಡ್ ಕಮ್ಮಿ ಮಾಡಿ ಚರ್ಮದ ಕೆಳಗೆ ಹೋಗೋ ಹಾಗೆ 1.5, 2 ಎಂಎಂ ಒಂದೇ ಸಲ ತಗೊಳ್ಳಿ, ಒಳಗೆ ಮೆತ್ತಗಿರತ್ತೆ. ಬೀಡು ಕಬ್ಬಿಣ, ಹಿತ್ತಾಳೆ ಎರಡಕ್ಕೂ ಎಣ್ಣೆ ಬೇಡ.

ಫಿನಿಶ್ ಬಗ್ಗೆ ಇನ್ನೊಂದು. ನೀವು ಯಾವ ಕಬ್ಬಿಣ ಟರ್ನ್ ಮಾಡ್ತಿದೀರಿ ಅಂತ ಬರ್ದಿಲ್ಲ. ಗುಜರಿಲಿ ಸಿಕ್ಕ ಕಪ್ಪು ರಾಡ್ ಆಗಿದ್ರೆ, ಮೆತ್ತನೆ ಮೈಲ್ಡ್ ಸ್ಟೀಲ್ ಹರಿದ ಹಾಗೆ ಬರೋದು ಅದರ ಗುಣ, ಟೂಲ್ ಎಷ್ಟೇ ಚೆನ್ನಾಗಿದ್ರೂ ಕನ್ನಡಿ ತರ ಬರಲ್ಲ. ಒಂದು ತುಂಡು ಇಎನ್1ಎ (ಸುಲಭವಾಗಿ ಕತ್ತರಿಸಿಕೊಳ್ಳೋ ಸ್ಟೀಲು) ಬ್ರೈಟ್ ಬಾರ್ ತಂದು ಅದರ ಮೇಲೆ ಅಭ್ಯಾಸ ಮಾಡಿ, ಅಥವಾ ಇಎನ್8. ಅದೇ ಟೂಲಲ್ಲಿ ಆಗೋ ವ್ಯತ್ಯಾಸ ನೋಡಿ ನಿಮಗೇ ಧೈರ್ಯ ಬರತ್ತೆ. ಕಟ್ಟಡದ ಟಿಎಂಟಿ ಸರಳು ಲೇತಿಗೆ ಹಾಕಬೇಡಿ, ಮೇಲ್ಗಡೆ ಪದರ ಗಟ್ಟಿ ಮಾಡಿರ್ತಾರೆ, ಏಣುಗಳ ಮೇಲೆ ಟೂಲ್ ಬಡ್ಕೊಂಡು ಬಡ್ಕೊಂಡು ಧಾರೆ ಹೋಗತ್ತೆ.

ಇನ್ನು ಸೆಂಟರ್ ಹೈಟು. ನಿಮ್ಮ ಲೇತಿನ ಕಿರುಚಾಟಕ್ಕೆ ಅರ್ಧ ಕಾರಣ ಇಲ್ಲೇ ಇರ್ಬೇಕು ಅಂತ ನನ್ನ ಅನುಮಾನ. ಟೂಲ್ ತುದಿ ಸ್ಪಿಂಡಲ್ ಮಧ್ಯದ ಗೆರೆಗಿಂತ ಅರ್ಧ ಎಂಎಂ ಮೇಲಿದೆ ಅನ್ಕೊಳ್ಳಿ. 50 ಎಂಎಂ ಜಾಬ್ ಮೇಲೆ ಅದರಿಂದ ಒಂದು ಡಿಗ್ರಿ ಚಿಲ್ಲರೆ ವ್ಯತ್ಯಾಸ, ಗೊತ್ತೂ ಆಗಲ್ಲ. ಅದೇ 10 ಎಂಎಂ ರಾಡ್ ಮೇಲೆ ಆ ಅರ್ಧ ಎಂಎಂ ಸುಮಾರು 6 ಡಿಗ್ರಿ ತಿಂದುಹಾಕತ್ತೆ, ನೀವು ಕಷ್ಟಪಟ್ಟು 8 ಡಿಗ್ರಿ ಕೊಟ್ಟಿದ್ರಲ್ಲಿ ಉಳಿಯೋದು ಎರಡು, ಟೂಲಿನ ಹೊಟ್ಟೆ ಜಾಬಿಗೆ ಉಜ್ಜೋಕೆ ಶುರು ಆಗತ್ತೆ. ಸಣ್ಣ ಜಾಬಲ್ಲೇ ಯಾಕೆ ಜಾಸ್ತಿ ತೊಂದ್ರೆ ಅನ್ನೋದಕ್ಕೆ ಉತ್ತರ ಇದೇ. ಪರೀಕ್ಷೆ ಮಾಡೋಕೆ 6 ಇಂಚಿನ ಸ್ಟೀಲ್ ಸ್ಕೇಲ್ ಸಾಕು: ಲೇತ್ ನಿಲ್ಸಿ, ಚಕ್ಕಲ್ಲಿರೋ ದುಂಡು ರಾಡಿಗೂ ಟೂಲ್ ತುದಿಗೂ ಮಧ್ಯೆ ಸ್ಕೇಲ್ ನೇರ ನಿಲ್ಲಿಸಿ ಕ್ರಾಸ್ ಸ್ಲೈಡಿಂದ (ಟೂಲನ್ನ ಜಾಬಿನ ಕಡೆ ಹಿಂದೆ ಮುಂದೆ ಸರಿಸೋ ಭಾಗ) ಮೆತ್ತಗೆ ಹಿಡಿಸಿ. ಸ್ಕೇಲ್ ಲಂಬವಾಗಿ ನಿಂತ್ರೆ ಹೈಟ್ ಸರಿ. ಮೇಲ್ತುದಿ ನಿಮ್ಮ ಕಡೆ ವಾಲಿದ್ರೆ ಟೂಲ್ ಕೆಳಗಿದೆ, ಆಚೆ ವಾಲಿದ್ರೆ ಮೇಲಿದೆ. ಆಮೇಲೆ ಒಂದು ಫೇಸಿಂಗ್ ತಗೊಂಡು ಖಾತ್ರಿ ಮಾಡ್ಕೊಳ್ಳಿ, ಮಧ್ಯದಲ್ಲಿ ಮೊಳೆ ತರ ಸಣ್ಣ ಕಡ್ಡಿ ಉಳಿದ್ರೆ ಇನ್ನೂ ಕೆಳಗಿದೆ ಅಂತ.

ಮತ್ತೆ ಟೂಲ್ ಎಷ್ಟು ಆಚೆ ಚಾಚಿದೆ ನೋಡಿ. ಚಾಚು ಎರಡರಷ್ಟಾದ್ರೆ ಬಾಗೋದು ಎಂಟರಷ್ಟಾಗತ್ತೆ, ಇದು ಲೆಕ್ಕ. 12 ಎಂಎಂ ದಪ್ಪದ ಬಿಟ್ 15, 18 ಎಂಎಂಗಿಂತ ಜಾಸ್ತಿ ಹೊರಗಿರೋದು ಬೇಡ. ಟೂಲ್‌ಪೋಸ್ಟ್ ಕೂತಿರೋ ಕಾಂಪೌಂಡ್ ಸ್ಲೈಡೂ ಅಷ್ಟೇ, ಅದರ ತಳ ಬಿಟ್ಟು ಮುಂದಕ್ಕೆ ಬಂದಿದ್ರೆ ಹಿಂದಕ್ಕೆ ತಗೊಂಡು, ಗಿಬ್ (ಸ್ಲೈಡಿನ ಸಡಿಲ ತೆಗೆಯೋ ಪಟ್ಟಿ) ಸ್ಕ್ರೂ ಬಿಗಿ ಮಾಡಿ, ಟೇಪರ್, ಥ್ರೆಡ್ ಇಲ್ಲದ ಕೆಲಸಕ್ಕೆ ಅದನ್ನ ಅಲ್ಲಾಡದ ಹಾಗೆ ಲಾಕ್ ಮಾಡ್ಬಿಡಿ. ಹಳೇ ಲೇತಲ್ಲಿ ಗಿಬ್ ಸಡಿಲ ಇದ್ರೆ ಯಾವ ಟೂಲ್‌ಪೋಸ್ಟ್ ಹಾಕಿದ್ರೂ ಅದೇ ರಾಗ.

ಈಗ ಟೂಲ್‌ಪೋಸ್ಟ್. ನಿಮ್ಮ ಹತ್ರ ಇರೋ ನಾಲ್ಕು ಮುಖದ್ದನ್ನ ಬೈಬೇಡಿ ಸರ್, ಗಟ್ಟಿತನದಲ್ಲಿ ಅದನ್ನ ಮೀರಿಸೋದು ಕಷ್ಟ, ಟೂಲ್ ಕಾಂಪೌಂಡ್ ಮೇಲೇ ಕೂತಿರತ್ತೆ. ಕ್ವಿಕ್ ಚೇಂಜಲ್ಲಿ ಹೋಲ್ಡರ್ ಪೋಸ್ಟಿನ ಪಕ್ಕಕ್ಕೆ ನೇತಾಡತ್ತೆ, ಅಷ್ಟು ದೂರ ಹೊರಗೆ ಹೋಗತ್ತೆ, ಸಣ್ಣ ಲೇತಿಗೆ ಅದೂ ಲೆಕ್ಕಕ್ಕೆ ಬರತ್ತೆ. ತಗಡಿನ ಕಾಟ ಕಮ್ಮಿ ಮಾಡೋ ದಾರಿ ಇದೆ: ಪ್ರತಿ ಟೂಲಿಗೂ ಅದರದ್ದೇ ಪ್ಯಾಕಿಂಗ್ ಅಳತೆ ಮಾಡಿ ಕತ್ತರಿಸಿ, ಟೂಲಿನ ಜೊತೆಗೇ ಟೇಪ್ ಸುತ್ತಿ ಇಡಿ. ಹ್ಯಾಕ್ಸಾ ಬ್ಲೇಡ್ ಹಲ್ಲು ಉಜ್ಜಿ ತೆಗೆದ್ರೆ ಒಂದೊಂದು 0.6 ಎಂಎಂ ಚಿಲ್ಲರೆ ದಪ್ಪ ಬರತ್ತೆ, ಅದಕ್ಕೂ ಸಣ್ಣ ಹೊಂದಾಣಿಕೆಗೆ ಶಿಮ್ ಶೀಟ್. ಪ್ಯಾಕಿಂಗ್ ಟೂಲಿನ ಪೂರ್ತಿ ಉದ್ದಕ್ಕೂ ಇರ್ಬೇಕು, ಮುಂದೆ ಒಂದು ಹಿಂದೆ ಒಂದು ಚೂರು ಇಟ್ರೆ ಬೋಲ್ಟ್ ಬಿಗಿ ಮಾಡಿದಾಗ ಬಿಟ್ ಬಾಗತ್ತೆ, ಹೈಟೂ ಹೋಗತ್ತೆ. ಮೂರು ಟೂಲ್ ಹೀಗೆ ಕಟ್ಟಿಟ್ಟು ನಾಲ್ಕನೇ ಮುಖ ಖಾಲಿ ಬಿಟ್ರೆ ದಿನದ ಕೆಲಸ ನಡೀತದೆ. ಆಗ ಬಳಸ್ತಿರದ ಮುಖಗಳಲ್ಲಿ ಚಾಚಿರೋ ಟೂಲು ಕೈಗೆ ತರಚತ್ತೆ, ಅದೊಂದು ನಿಜವಾದ ಕಿರಿಕಿರಿ, ಜೋಪಾನ.

ಹಾಗಿದ್ರೂ ಕ್ವಿಕ್ ಚೇಂಜ್ ಬೇಕು ಅನ್ಸಿದ್ರೆ, ಅನ್ಸತ್ತೆ ಕೂಡ, ಯಾಕಂದ್ರೆ ಎಂಜಿನ್ ಮಾಡೋವಾಗ ಫೇಸಿಂಗ್, ಡ್ರಿಲ್, ಬೋರಿಂಗ್ (ತೂತು ದೊಡ್ಡದು ಮಾಡೋದು), ಪಾರ್ಟಿಂಗ್ (ತುಂಡು ಕತ್ತರಿಸಿ ಬೇರೆ ಮಾಡೋದು) ಅಂತ ಒಂದೇ ಪೀಸಿಗೆ ಹತ್ತು ಸಲ ಟೂಲ್ ಬದಲಾಯಿಸ್ತೀರಿ, ಆಗ ಸೈಜ್ ಆರಿಸೋದು ಲೇತ್ ಎಷ್ಟು ಅಡಿ ಅನ್ನೋದರ ಮೇಲಲ್ಲ. ಅಮೆರಿಕದ ಮಾಪಲ್ಲಿ 0ಎಕ್ಸ್‌ಎ ಅನ್ನೋದು 7 ಇಂಚು ಸ್ವಿಂಗ್ (ಲೇತಲ್ಲಿ ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ) ಇರೋ ಮಿನಿ ಲೇತಿಗೆ, ಎಎಕ್ಸ್‌ಎ 9ರಿಂದ 12 ಇಂಚಿಗೆ, ಬಿಎಕ್ಸ್‌ಎ 10ರಿಂದ 15ಕ್ಕೆ, ಸಿಎಕ್ಸ್‌ಎ 13ರಿಂದ 18ಕ್ಕೆ ಅಂತ ಹೇಳ್ತಾರೆ, ಇದು ಅಂದಾಜು ಮಾತ್ರ. ನಿಜವಾಗಿ ಬೇಕಾಗಿರೋ ಅಳತೆ ಒಂದೇ, ಕಾಂಪೌಂಡ್ ಮೇಲ್ಮೈಯಿಂದ ಸ್ಪಿಂಡಲ್ ಸೆಂಟರಿಗೆ ಎಷ್ಟು ಎತ್ತರ ಅಂತ. ಅದನ್ನ ತಗೊಳ್ಳೋದು ಸುಲಭ, ಒಂದು ರಾಡನ್ನ ಚಕ್ಕಲ್ಲಿ ಹಿಡಿದು 25 ಎಂಎಂಗೆ ಟರ್ನ್ ಮಾಡಿ, ತೆಗೀಬೇಡಿ, ಹಾಗೇ ಟೂಲ್‌ಪೋಸ್ಟ್ ಬಿಚ್ಚಿ, ಕಾಂಪೌಂಡ್ ಮೇಲ್ಮೈಯಿಂದ ರಾಡಿನ ಕೆಳ ಅಂಚಿಗೆ ಇರೋ ಸಂದಿ ವರ್ನಿಯರಲ್ಲಿ ಅಳೀರಿ, ಅದಕ್ಕೆ ರಾಡಿನ ಅರ್ಧ 12.5 ಸೇರಿಸಿ. ಸಂದಿ 17.5 ಬಂತು ಅಂದ್ರೆ ಎತ್ತರ 30. ಈಗ 16 ಎಂಎಂ ಟೂಲ್ ಹಾಕೋ ಆಸೆ ಇದ್ರೆ ಅದರ ಕೆಳಗಿನ ಹೋಲ್ಡರ್ ತುಟಿಗೆ ಉಳಿಯೋದು 14 ಎಂಎಂ, 20 ಎಂಎಂ ಟೂಲಾದ್ರೆ 10 ಮಾತ್ರ, ಅಲ್ಲಿ ಹೋಲ್ಡರ್ ಕಾಂಪೌಂಡಿಗೆ ಮುಟ್ಟಿ ನಿಂತ್ಬಿಡತ್ತೆ, ಟೂಲ್ ಸೆಂಟರಿಗಿಂತ ಮೇಲೇ ಉಳಿಯತ್ತೆ. ದೊಡ್ಡ ಸೈಜ್ ಪೋಸ್ಟ್ ತಗೊಂಡು ಒದ್ದಾಡೋರೆಲ್ಲ ಇಲ್ಲೇ ಸಿಕ್ಕಿಹಾಕ್ಕೊಳ್ಳೋದು. ಎರಡು ಸೈಜಿನ ಮಧ್ಯೆ ಅನುಮಾನ ಬಂದ್ರೆ ಸಣ್ಣದನ್ನೇ ತಗೊಳ್ಳಿ, ಸಣ್ಣದಕ್ಕೆ ಅಡಿಯಲ್ಲಿ ಒಂದು ಪ್ಲೇಟ್ ಇಟ್ಟು ಎತ್ತರಿಸ್ಬಹುದು, ದೊಡ್ಡದನ್ನ ತಗ್ಗಿಸೋಕೆ ಹೋಲ್ಡರ್‌ಗಳನ್ನೇ ಕೆಳಗಿಂದ ಮಿಲ್ಲಿಂಗ್ ಮಾಡ್ಸಬೇಕು. ಮಾರೋರ ಹತ್ರ ಹೋಲ್ಡರ್ ತುಟಿ ಎಷ್ಟು ದಪ್ಪ ಅಂತ ಕೇಳಿ, ಡ್ರಾಯಿಂಗ್ ಕೊಡದೋರ ಹತ್ರ ತಗೊಳ್ಳಲೇಬೇಡಿ.

ಪಿಸ್ಟನ್ ಜಾತಿ, ವೆಜ್ ಜಾತಿ ಅಂತ ಎರಡು ಬರತ್ತೆ. ಪಿಸ್ಟನ್ ಹೋಲ್ಡರನ್ನ ಮಧ್ಯದಿಂದ ಹೊರಕ್ಕೆ ತಳ್ಳಿ ಬಿಗಿ ಮಾಡತ್ತೆ, ವೆಜ್ ಹೋಲ್ಡರನ್ನ ಪೋಸ್ಟಿನ ಮೈಗೆ ಎಳೆದು ಕೂರಿಸತ್ತೆ, ಹಾಗಾಗಿ ಬಿಚ್ಚಿ ಹಾಕಿದಾಗ ಅದೇ ಜಾಗಕ್ಕೆ ಬರೋದು ವೆಜ್‌ನಲ್ಲಿ ಹೆಚ್ಚು ನಿಖರ. ದುಡ್ಡಿದ್ರೆ ವೆಜ್, ಇಲ್ದಿದ್ರೆ ಚೆನ್ನಾಗಿ ಮಾಡಿರೋ ಪಿಸ್ಟನ್ನೂ ನಿಮ್ಮ ಕೆಲಸಕ್ಕೆ ನಡೆಯತ್ತೆ. ಆದ್ರೆ ಅಲ್ಯೂಮಿನಿಯಂ ಬಾಡಿದು ಬೇಡ. ಯುರೋಪಿನ ಮಲ್ಟಿಫಿಕ್ಸ್ ಅಂತ ಇದೆ, ಸುತ್ತಲೂ 40 ಜಾಗದಲ್ಲಿ ಹೋಲ್ಡರ್ ಕೂರತ್ತೆ, ಅದ್ಭುತ ವಸ್ತು, ಬೆಲೆಯೂ ಹಾಗೇ ಇದೆ, ನಿಮಗೆ ಈಗ ಬೇಡ. ಪೋಸ್ಟಿಗಿಂತ ಹೋಲ್ಡರಿಗೆ ದುಡ್ಡು ಇಟ್ಕೊಳ್ಳಿ. ಐದು ಹೋಲ್ಡರ್ ಸೆಟ್ಟಲ್ಲಿ ಬರೋ ನರ್ಲಿಂಗ್ (ಹಿಡಿತಕ್ಕೆ ಗೀರು ಒತ್ತೋ) ಹೋಲ್ಡರ್ ಜಾಬನ್ನ ಪಕ್ಕಕ್ಕೆ ತಳ್ಳೋ ಜಾತಿದು, ನಿಮ್ಮ ಸ್ಪಿಂಡಲ್ ಬೇರಿಂಗಿಗೆ ಒಳ್ಳೇದಲ್ಲ, ಅದರ ಬದಲು ಸಾದಾ ಟರ್ನಿಂಗ್ ಹೋಲ್ಡರ್ ಇನ್ನೂ ಮೂರು, ಬೋರಿಂಗ್ ಬಾರಿಗೆ ಒಂದು, ಪಾರ್ಟಿಂಗ್ ಬ್ಲೇಡಿಗೆ ಒಂದು ತಗೊಂಡ್ರೆ ಪ್ರತಿ ಟೂಲಿಗೂ ಹೈಟ್ ಒಂದೇ ಸಲ ಕೂರಿಸಿ ನಟ್ ಲಾಕ್ ಮಾಡಿ ಮರ್ತುಬಿಡಬಹುದು, ಆ ಸುಖಕ್ಕೇ ಅಲ್ವಾ ಇದನ್ನ ತಗೊಳ್ಳೋದು. ಇನ್ನೊಂದು ವಿಷಯ, ನಿಮ್ಮ ಕಾಂಪೌಂಡ್ ಮಧ್ಯೆ ನಿಂತಿರೋ ಸ್ಟಡ್ಡು ಹೊಸ ಪೋಸ್ಟಿನ ತೂತಿಗಿಂತ ಸಣ್ಣದಿರೋ ಸಾಧ್ಯತೆ ಜಾಸ್ತಿ, ಹಾಗೇ ಬಿಗಿ ಮಾಡಿದ್ರೆ ಪೋಸ್ಟ್ ಆಚೀಚೆ ಸರಿಯತ್ತೆ, ಮಧ್ಯಕ್ಕೆ ಒಂದು ಬುಷ್ ಟರ್ನ್ ಮಾಡಿ ಹಾಕಿ, ಹೊರಗೆ ಪೋಸ್ಟಿಗೆ ಜಾರಿ ಕೂರೋ ಹಾಗೆ, ಒಳಗೆ ಸ್ಟಡ್ಡಿಗೆ ಹಿಡಿಯೋ ಹಾಗೆ. ಹೊಸ ಟೂಲ್‌ಪೋಸ್ಟಿಗೆ ಮಾಡೋ ಮೊದಲನೇ ಜಾಬು ಇದೇ ಆಗಲಿ, ಹಳೇ ಚೌಕದ ಪೋಸ್ಟಲ್ಲೇ ಮಾಡ್ಕೊಳ್ಬಹುದು.

ಇನ್ಸರ್ಟ್ ಟೂಲ್ ಪೂರ್ತಿ ಬೇಡ ಅಂತ ಅಲ್ಲ. ಮುಂದೆ ಯಾವಾಗ್ಲೋ ಸ್ಟೇನ್‌ಲೆಸ್, ಗಟ್ಟಿ ಶಾಫ್ಟ್ ಬಂದಾಗ ಒಂದು ಎಸ್‌ಸಿಎಲ್‌ಸಿಆರ್ 1212 ಹೋಲ್ಡರ್ ಇರ್ಲಿ, 1212 ಅಂದ್ರೆ ಅದರ ಅಗಲ, ಎತ್ತರ ಎರಡೂ 12 ಎಂಎಂ. ಅದಕ್ಕೆ ಸಿಸಿಎಂಟಿ ಇನ್ಸರ್ಟ್, ಮೊದಲ ಸಿ ಅಂದ್ರೆ 80 ಡಿಗ್ರಿ ಮೂಲೆ, ಎರಡನೇ ಸಿ ಅಂದ್ರೆ ಕೆಳಗೆ 7 ಡಿಗ್ರಿ ಬಿಡುವು, ಕೊನೇ ಎರಡು ಅಂಕಿ ಮೂಗಿನ ರೇಡಿಯಸ್, 04 ಇದ್ರೆ 0.4 ಎಂಎಂ. ನಿಮ್ಮ ಲೇತಿಗೆ 02 ಅಥವಾ 04 ಮಾತ್ರ, 08 ಬೇಡ, ಯಾಕಂದ್ರೆ ಕಟ್ ಮೂಗಿನ ರೇಡಿಯಸ್‌ಗಿಂತ ಕಮ್ಮಿ ಆದ್ರೆ ಕತ್ತರಿಸೋ ಬದಲು ತಳ್ಳತ್ತೆ. ಅಂಗಡಿಯೋರು ಸಿಎನ್‌ಎಂಜಿ ಕೊಟ್ಟು ಎರಡೂ ಮುಖ ಬಳಸ್ಬಹುದು, ಉಳಿತಾಯ ಅಂತಾರೆ, ಅದು ನೆಗೆಟಿವ್ ರೇಕಿನ ಹೋಲ್ಡರಲ್ಲಿ ಕೂರೋದು, ಒತ್ತಡ ಜಾಸ್ತಿ ಕೇಳತ್ತೆ, ಸಿಎನ್‌ಸಿ ಮಷಿನಿಗೆ ಸರಿ. ಸಿಸಿಜಿಟಿ ಅಂತ ಅಲ್ಯೂಮಿನಿಯಮ್ಮಿಗೆ ಬರೋ ಹೊಳೆಯೋ ಇನ್ಸರ್ಟ್ ಇದೆ, ಧಾರೆ ಸಾಣೆ ಹಿಡಿದ ಹಾಗೇ ಚೂಪಾಗಿರತ್ತೆ, ಕಮ್ಮಿ ಸ್ಪೀಡಿನ ಸಣ್ಣ ಲೇತಲ್ಲಿ ಸ್ಟೀಲಿಗೂ ಸಣ್ಣ ಫಿನಿಶಿಂಗ್ ಕಟ್ ತಗೊಳ್ಳೋಕೆ ನನಗೆ ಅದೇ ಇಷ್ಟ. ಜೋರಾಗಿ ಫೀಡ್ ಕೊಟ್ರೆ ಮಾತ್ರ ತುದಿ ಹಾರತ್ತೆ. ಟೂಲ್ ಜಾಬಿಗೆ ತಾಗಿರೋವಾಗ ಲೇತ್ ನಿಲ್ಸಿದ್ರೂ ಕಾರ್ಬೈಡ್ ತುದಿ ಒಡೆಯತ್ತೆ, ಮೊದಲು ಟೂಲ್ ಹಿಂದೆ ತಗೊಂಡು ಆಮೇಲೆ ಸ್ವಿಚ್.

ಬೋರಿಂಗ್ ಬಾರ್ ಸ್ಟೀಲಿಂದಾದ್ರೆ ಅದರ ದಪ್ಪದ ನಾಲ್ಕರಷ್ಟು ಉದ್ದ ಮಾತ್ರ ಹೊರಗೆ ಬಿಡಿ, ಸಿಲಿಂಡರ್ ತೂತಿಗೆ ಹೋಗೋ ಅತಿ ದಪ್ಪ ಬಾರ್ ಯಾವುದೋ ಅದನ್ನೇ ಹಾಕಿ. ಪಾರ್ಟಿಂಗ್‌ಗೆ 2 ಎಂಎಂ ಕೋಬಾಲ್ಟ್ ಬ್ಲೇಡ್ ಸಾಕು, ಜಾಬಿಗೆ ನೇರ 90 ಡಿಗ್ರಿ, ಹೈಟ್ ಸರಿಯಾಗಿ ಸೆಂಟರಿಗೆ, ಚಕ್ಕಿಗೆ ಆದಷ್ಟು ಹತ್ರ, ಕ್ಯಾರೇಜ್ (ಟೂಲ್ ಹೊತ್ತು ಉದ್ದಕ್ಕೆ ಸರಿಯೋ ಭಾಗ) ಲಾಕು, ಸ್ಪೀಡ್ ಅರ್ಧ, ಎಣ್ಣೆ ಧಾರಾಳ, ಆಮೇಲೆ ಕೈ ನಡುಗಿಸದೆ ಒಂದೇ ಸಮ ಫೀಡ್ ಕೊಡಿ, ಹೆದರಿ ಹೆದರಿ ಮುಟ್ಟಿಸಿದ್ರೆ ಉಜ್ಜಿ ಮೇಲ್ಮೈ ಗಟ್ಟಿಯಾಗಿ ಕಿರುಚತ್ತೆ. ಅಷ್ಟೆಲ್ಲ ಮಾಡಿದ್ರೂ ಬ್ಲೇಡ್ ಕಚ್ಕೊಳ್ತಿದ್ರೆ ಕ್ರಾಸ್ ಸ್ಲೈಡಿನ ಹಿಂಭಾಗಕ್ಕೆ ಒಂದು ಗಟ್ಟಿ ಬ್ಲಾಕ್ ಕೂರ್ಸಿ ಬ್ಲೇಡನ್ನ ತಲೆಕೆಳಗಾಗಿ ಕಟ್ಟಿ ಆ ಕಡೆಯಿಂದ ಕಟ್ ಮಾಡಿ. ಮುಂದಿನಿಂದ ಕಟ್ ಮಾಡೋವಾಗ ಒತ್ತಡ ಟೂಲನ್ನ ಕೆಳಕ್ಕೆ ಬಾಗಿಸಿ ಜಾಬಿನ ಒಳಕ್ಕೆ ಎಳೆಯತ್ತೆ, ಹಿಂದಿನಿಂದ ಆದ್ರೆ ಮೇಲಕ್ಕೆ ಬಾಗಿ ಜಾಬಿಂದ ದೂರ ಹೋಗತ್ತೆ, ಚಿಪ್ಪೂ ಕೆಳಗೆ ಬೀಳತ್ತೆ. ಸಣ್ಣ ಲೇತ್ ಇರೋರು ಎಷ್ಟೋ ಜನ ಈ ಹಿಂದಿನ ಪೋಸ್ಟನ್ನ ಪರ್ಮನೆಂಟ್ ಬಿಟ್ಟಿರ್ತಾರೆ. ಆ ಬ್ಲಾಕ್ ಬೀಡು ಕಬ್ಬಿಣದ್ದೇ ಆಗ್ಬೇಕು ಅಂತಿಲ್ಲ, ಒಳ್ಳೇ ಮೈಲ್ಡ್ ಸ್ಟೀಲ್ ತುಂಡೂ ನಡೆಯತ್ತೆ, ನಿಮ್ಮ ಕ್ರಾಸ್ ಸ್ಲೈಡ್ ಹಿಂದಕ್ಕೆ ಅಷ್ಟು ಜಾಗ ಚಾಚಿದೆಯಾ ಅಂತ ಮೊದಲು ನೋಡ್ಕೊಳ್ಳಿ.

ಸದ್ಯಕ್ಕೆ ಗ್ರೈಂಡರು, ಎಣ್ಣೆಕಲ್ಲು, ನಾಲ್ಕು ಎಂ35 ಬಿಟ್, ಒಂದು ಕೆ20 ಬ್ರೇಜ್ ಟೂಲು, ಒಂದು ಮೀಟರ್ ಇಎನ್1ಎ ತನ್ನಿ. ಟೂಲ್‌ಪೋಸ್ಟ್ ಆರ್ಡರ್ ಮಾಡೋಕೆ ಮುಂಚೆ ನಾನು ಹೇಳಿದ ಎತ್ತರದ ಅಳತೆ, ಸ್ಟಡ್ ದಪ್ಪ, ಕಾಂಪೌಂಡ್ ಮೇಲ್ಮೈಯ ಉದ್ದ ಅಗಲ, ಇಷ್ಟನ್ನ ಬರೆದು ಕಳ್ಸಿ, ಯಾವ ಸೈಜ್ ಕೂರತ್ತೆ ಅಂತ ನೋಡಿ ಹೇಳ್ತೀನಿ.